ಒಣನೆಲದೊಳಗಿನ ಜೀವಿಗಳೂ ಮಣ್ಣಿನ ತೇವವೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಯು ಎರಡು ಮಹಾನದಿಗಳನ್ನು ಇಕ್ಕೆಲಗಳಲ್ಲಿ ಇಟ್ಟುಕೊಂಡಿದ್ದರೂ ಮಳೆಯ ವಿಷಯದಲ್ಲಿ ಬಡ ಸೀಮೆಯೇ ಸರಿ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ತಾಲ್ಲೂಕುಗಳೂ ಕರ್ನಾಟಕದ ಈಶಾನ್ಯ ಒಣ ವಲಯಕ್ಕೆ ಸೇರಿದವು. ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರು, ಎಂದರೆ 24 ಅಂಗುಲದಷ್ಟು ಮಾತ್ರ. ಅದರಲ್ಲಿಯೂ ಬಹುಭಾಗವು ಜೂನ್ ಮೊದಲುಗೊಂಡು ಅಕ್ಟೋಬರ್ ವರೆಗಿನ ಐದು ತಿಂಗಳಲ್ಲಿ ಬಿದ್ದುಹೋಗಿ, ಉಳಿದ ಏಳು ತಿಂಗಳು ಆಕಾಶವು ಬರಿದಾಗಿಯೇ ಇರುವುದು. ಈ ಸೀಮೆಯು ಮರುಭೂಮಿಯಲ್ಲವೆಂಬುದು ನಿಜ. ಆದರೆ ಹೋಳಿ ಕಳೆದ ಮೇಲೆ ಮೃಗಶಿರಾ ಮಳೆ ಹನಿಯುವವರೆಗೆ ನೀರಾವರಿಯಿಲ್ಲದ ಹೊಲದ ಮೇಲ್ಮಣ್ಣು ಮರುಭೂಮಿಯ ಮಣ್ಣಿನ ಸ್ಥಿತಿಯನ್ನೇ ಹೊಂದಿರುತ್ತದೆ. ಎರೆಯ ನೆಲವು ಆಳುದ್ದ ಬಿರಿಯುವುದು. ಮಸಾರಿಯು ಕಾಲಿಟ್ಟರೆ ಧೂಳಾಗುವುದು.

ಇಂಥ ಹೊಲವನ್ನು ನೋಡಿ, ಬಿಸಿಲಿಗೆ ನೆಲವು ಸುಟ್ಟು ಒಳಗಿನ ಹುಳುಹುಪ್ಪಟೆಗಳೆಲ್ಲ ಸತ್ತುಹೋದುವು, ಇನ್ನು ಮುಂಗಾರಿಗೆ ನೆಲ ಶುದ್ಧವಾಯಿತು ಎಂದು ರೈತರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ತಪ್ಪಾಗಿರುವುದರಿಂದ, ಪೂರ್ತಿಯಾಗಿ ಇದನ್ನೇ ನಂಬಿದವರು ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿಯನ್ನೋ ಹತ್ತಿಯನ್ನೋ ಬಿತ್ತಿ, ಗಿಡವು ಮೊಳದುದ್ದ ಬಂದು ಹಳದಿಗೊಂಡು ನಿಂತಾಗ ಮಳೆಯನ್ನೂ ಬೀಜವನ್ನೂ ದೂರುತ್ತಾರೆ. ಒಣಗಿದ ಮಣ್ಣಿನಲ್ಲಿ ಜೀವಿಗಳಿಗೆ ಏನಾಗುತ್ತದೆ, ಮೊದಲ ಮಳೆಯು ಬಿದ್ದಾಗ ಏನು ನಡೆಯುತ್ತದೆ ಎಂಬುದನ್ನು ತಿಳಿದವರಿಗೆ ಉಳುಮೆಯ ಕಾಲವನ್ನೂ ಬಿತ್ತನೆಯ ಕಾಲವನ್ನೂ ಗೊತ್ತುಮಾಡಿಕೊಳ್ಳುವುದು ಸುಲಭವಾಗುವುದು.

ನೀರಿನ ಪೊರೆ

ಮಣ್ಣಿನೊಳಗೆ ಎರಡು ಬಗೆಯ ಜೀವಿಗಳನ್ನು ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು. ಒಂದು, ಬ್ಯಾಕ್ಟೀರಿಯ, ಶಿಲೀಂಧ್ರ ಮೊದಲಾದ ಅಣುಜೀವಿಗಳು. ಇವುಗಳಲ್ಲಿ ಒಂದೊಂದನ್ನೂ ಬರಿಗಣ್ಣಿನಿಂದ ನೋಡುವುದು ಸಾಧ್ಯವಿಲ್ಲ. ಎರಡನೆಯದು ಜಂತುಹುಳುಗಳು. ಇವು ಎರೆಹುಳುಗಳಲ್ಲ. ಇವುಗಳ ಉದ್ದವು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರು. ದಪ್ಪವಾದರೋ ತಲೆಗೂದಲಿನ ಮೂರನೆಯ ಒಂದು ಪಾಲು. ಬಣ್ಣವಿಲ್ಲದ ಗಾಜಿನ ಎಳೆಯಂತಿರುವುದರಿಂದ ಮಣ್ಣಿನಲ್ಲಿ ಕಾಣುವುದಿಲ್ಲ. ಸಂಖ್ಯೆಯಲ್ಲಿ ಮಾತ್ರ ಇವುಗಳನ್ನು ಮೀರಿಸುವ ಪ್ರಾಣಿ ನೆಲದ ಮೇಲೆ ಇಲ್ಲ. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಭೂಮಂಡಲದ ಮೇಲ್ಮಣ್ಣಿನಲ್ಲಿ ಪ್ರತಿಯೊಬ್ಬ ಮನುಷ್ಯನ ಪಾಲಿಗೆ ಸುಮಾರು 5,700 ಕೋಟಿ ಜಂತುಹುಳುಗಳಿವೆ.

ಈ ಹುಳುಗಳು ಮಣ್ಣಿನಲ್ಲಿ ವಾಸಿಸುತ್ತವೆಂದು ಹೇಳುವುದಕ್ಕಿಂತ ಮಣ್ಣಿನ ನೀರಿನಲ್ಲಿ ವಾಸಿಸುತ್ತವೆಂದು ಹೇಳುವುದೇ ಹೆಚ್ಚು ಸರಿ. ಹದವಾದ ನೆಲದಲ್ಲಿ ಪ್ರತಿಯೊಂದು ಮಣ್ಣಿನ ಕಣದ ಸುತ್ತಲೂ ತೆಳುವಾದ ನೀರಿನ ಪೊರೆಯಿರುವುದು. ಜಂತುಹುಳುವು ಈ ಪೊರೆಯೊಳಗೆ ಮೀನಿನಂತೆ ಈಜದೆ, ಕಣಗಳಿಗೆ ಒತ್ತಿಕೊಂಡು ಹಾವಿನಂತೆ ಹರಿಯುವುದು. ಪೊರೆಯು ತೀರ ದಪ್ಪವಾಗಿ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಒತ್ತಿಕೊಳ್ಳುವುದಕ್ಕೆ ಆಸರೆಯಿಲ್ಲ, ಉಸಿರಾಡುವುದಕ್ಕೆ ಗಾಳಿಯೂ ಇಲ್ಲ. ಪೊರೆಯು ತೀರ ತೆಳುವಾದರೆ ನೀರಿನ ಬಿಗಿತವೇ ಹುಳುವನ್ನು ಕಣಕ್ಕೆ ಅಂಟಿಸಿ ಹಿಡಿದುಬಿಡುವುದು. ಮಳೆ ಬಿದ್ದು ಹೆಚ್ಚಿನ ನೀರು ಬಸಿದುಹೋಗಿ, ಕೂರಿಗೆ ಹೂಡುವುದಕ್ಕೆ ಯೋಗ್ಯವಾದ ಹದ ಬಂದಿತೆಂದು ರೈತನು ಯಾವಾಗ ಹೇಳುವನೋ ಆಗಲೇ ಜಂತುಹುಳುವಿನ ಸಂಚಾರಕ್ಕೂ ಹದ. ಬೀಜಕ್ಕೂ ಬೀಜದ ವೈರಿಗೂ ಒಂದೇ ಮುಹೂರ್ತವಾಗಿರುವುದು ಬೇಸಾಯದ ಕಷ್ಟಗಳಲ್ಲೊಂದು.

ನೆಲವು ಒಣಗುವಾಗ ದೊಡ್ಡ ಸಂದುಗಳು ಮೊದಲು ಬರಿದಾಗಿ, ಸಣ್ಣ ಸಂದುಗಳಲ್ಲಿ ನೀರು ಕೊನೆಯವರೆಗೆ ನಿಲ್ಲುವುದು. ದೊಡ್ಡ ಸಂದಿಲ್ಲದೆ ಜಂತುಹುಳು ಸಂಚರಿಸಲಾರದು. ಬ್ಯಾಕ್ಟೀರಿಯಗಳಾದರೋ ಅತಿ ಸಣ್ಣ ಸಂದುಗಳಲ್ಲಿ ಅವಿತುಕೊಂಡು, ತಮ್ಮನ್ನು ತಿನ್ನುವ ಹುಳುಗಳ ಕೈಗೆ ಸಿಕ್ಕದೆ ಬದುಕುವುವು. ಎರೆಯ ಮಣ್ಣಿಗೂ ಮಸಾರಿಗೂ ಇರುವ ಭೇದವು ಇಲ್ಲಿಯೇ ಇದೆ. ಎರೆಯಲ್ಲಿ ನಯವಾದ ಜೇಡಿಯ ಅಂಶವು ಹೆಚ್ಚಾದುದರಿಂದ, ಪೈರು ಬಾಡಿ ಬಿದ್ದ ಮೇಲೆಯೂ ಮಣ್ಣಿನಲ್ಲಿ ಎಷ್ಟೋ ನೀರು ಉಳಿದಿರುತ್ತದೆ. ಪೈರಿಗೆ ಅದು ದಕ್ಕದು, ಅಣುಜೀವಿಗಳಿಗೆ ದಕ್ಕುವುದು. ದೇವದುರ್ಗದ ಕಡೆಯ ಮರಳುಮಿಶ್ರವಾದ ಮಸಾರಿಯಲ್ಲಿ ಇಂಥ ಉಳಿತಾಯವು ಬಹಳ ಕಡಿಮೆ. ನೀರು ಬೇಗ ಇಳಿಯುವುದು, ಬೇಗ ಆರುವುದು. ದೊಡ್ಡ ಸಂದುಗಳು ಹೆಚ್ಚಾಗಿರುವುದರಿಂದ ತೇವವಿರುವಷ್ಟು ಕಾಲವೂ ಬೇರುಗಂಟಿನ ಹುಳುಗಳಿಗೆ ಅಲ್ಲಿ ಸಂಚಾರವು ಸುಲಭ.

ಶಿಲೀಂಧ್ರಗಳು ತಮ್ಮ ನೂಲುಗಳನ್ನು ಬರಿದಾದ ಸಂದುಗಳನ್ನು ದಾಟಿಸಿ ಚಾಚಬಲ್ಲವು. ಆದುದರಿಂದ ಬ್ಯಾಕ್ಟೀರಿಯಗಳು ಕೆಲಸ ನಿಲ್ಲಿಸಿದ ಮೇಲೆಯೂ ಒಣಮಣ್ಣಿನಲ್ಲಿ ಕೆಲವು ದಿನ ಅವುಗಳ ಕೆಲಸವು ನಡೆಯುವುದು. ಹಿಂಗಾರಿ ಬಿಳಿಜೋಳಕ್ಕೆ ತಗಲುವ ಇದ್ದಿಲು ಕೊಳೆ ರೋಗವು ಇದಕ್ಕೆ ಉದಾಹರಣೆ. ಹೂ ಬಿಟ್ಟ ತರುವಾಯ ಕೆಳಗಿನ ತೇವವು ತೀರಿ ಬಿಸಿಲು ಏರಿದಾಗ ಈ ರೋಗದ ಶಿಲೀಂಧ್ರವು ಬೇರಿನಿಂದ ದಂಟಿಗೆ ಏರಿ, ಬುಡದ ಒಳತಿರುಳನ್ನು ಎಳೆಎಳೆಯಾಗಿ ಬಿಡಿಸಿ ಕರಿಯ ಕಾಳುಗಳಿಂದ ತುಂಬುವುದು, ಜೋಳವು ಮಲಗಿಬಿಡುವುದು. ಆ ಕರಿಯ ಕಾಳುಗಳು ಒಣನೆಲದಲ್ಲಿ ಬಹುಕಾಲ ಬಾಳುವುವು, ತೇವದ ನೆಲದಲ್ಲಿ ಬೇಗ ಅಳಿಯುವುವು.

ಒಣಗಿದ ಹುಳು ಸತ್ತ ಹುಳುವಲ್ಲ

ಮಣ್ಣು ಮೆಲ್ಲಮೆಲ್ಲನೆ ಒಣಗುತ್ತ ಬಂದಾಗ ಅನೇಕ ಜಾತಿಯ ಜಂತುಹುಳುಗಳು ಗಡಿಯಾರದ ಸುರುಳಿಯಂತೆ ಸುತ್ತಿಕೊಂಡು, ಶರೀರದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ಬಿಟ್ಟುಕೊಟ್ಟು, ಉಸಿರಾಟವು ಕಂಡುಬರದಷ್ಟು ನಿಶ್ಚಲವಾಗುವುವು. ಶರೀರದೊಳಗಿನ ಕೊಬ್ಬನ್ನೂ ಇತರ ಸಂಗ್ರಹವನ್ನೂ ಒಂದು ವಿಧವಾದ ಸಕ್ಕರೆಯನ್ನಾಗಿ ಮಾರ್ಪಡಿಸಿಕೊಂಡು, ನೀರು ಹೋದ ಸ್ಥಳದಲ್ಲಿ ಅದನ್ನು ತುಂಬಿಕೊಂಡು ಅಂಗಾಂಗಗಳನ್ನು ಕುಸಿಯದಂತೆ ಕಾಯ್ದುಕೊಳ್ಳುವುವು. ಈ ಸ್ಥಿತಿಯಲ್ಲಿ ಬಿಸಿಲಾಗಲಿ ಬರವಾಗಲಿ ಅವುಗಳನ್ನು ಸುಲಭವಾಗಿ ಕೊಲ್ಲಲಾರದು.

ಈ ಸಂಗತಿಯು ಹೊಸದಾಗಿ ತಿಳಿದುದಲ್ಲ. 1743ರಲ್ಲಿಯೇ ಇಂಗ್ಲೆಂಡಿನ ನೀಡಮ್ ಎಂಬಾತನು ಗೋಧಿಯ ತೆನೆಯಲ್ಲಿ ಕಾಳಿಗೆ ಬದಲಾಗಿ ಬೆಳೆದಿದ್ದ ಕರಿಯ ಗಂಟನ್ನು ಒಡೆದು ನೀರು ಹಾಕಿದಾಗ, ಒಣ ನಾರಿನಂತೆ ಕಂಡ ವಸ್ತುವು ಹುಳುಗಳಾಗಿ ಮಿಸುಕಾಡಿದುದನ್ನು ನೋಡಿದನು. ಅದೇ ಗೋಧಿಹುಳುವಿನ ಮರಿಗಳು 28 ವರ್ಷ ಒಣಗಿದ್ದು ಮತ್ತೆ ಎದ್ದುದೂ, ಸಸ್ಯಸಂಗ್ರಹದಲ್ಲಿ ಇಟ್ಟಿದ್ದ ರೈ ಪೈರಿನ ಒಣ ಎಲೆಯಿಂದ ಮತ್ತೊಂದು ಜಾತಿಯ ಹುಳುಗಳು 39 ವರ್ಷಗಳ ಮೇಲೆ ಎದ್ದುದೂ ಗ್ರಂಥಸ್ಥವಾಗಿವೆ. ಅಮೆರಿಕದ ಮೊಹಾವೆ, ಚಿವಾವಾ ಮರುಭೂಮಿಗಳಲ್ಲಿ 1970 ಮತ್ತು 1980ರ ದಶಕಗಳಲ್ಲಿ ಡಯಾನ ಫ್ರೆಕ್‌ಮನ್ ಎಂಬ ವಿದುಷಿಯೂ ಅವರ ಜೊತೆಗಾರರೂ ಮಾಡಿದ ಶೋಧನೆಗಳಿಂದ, ಒಣಗಿದ ಮರುಭೂಮಿಯ ಮಣ್ಣಿನಲ್ಲಿ ಬಹುಪಾಲು ಹುಳುಗಳು ಸುರುಳಿಯಾಗಿ ಮಲಗಿರುತ್ತವೆಂದೂ ನೀರು ತಾಕಿದೊಡನೆ ಮತ್ತೆ ಚಲಿಸಲು ತೊಡಗುತ್ತವೆಂದೂ ಗೊತ್ತಾಯಿತು. ಹೀಗಿರಲಾಗಿ ಏಳು ತಿಂಗಳ ಒಣಹವೆಯು ರಾಯಚೂರಿನ ಹೊಲವನ್ನು ಶುದ್ಧಮಾಡಿತೆಂದು ನಂಬುವುದು ಹೇಗೆ?

ಆದರೆ ಇದರಲ್ಲಿ ರೈತನಿಗೆ ಅನುಕೂಲವಾದ ಒಂದು ಮರ್ಮವುಂಟು. ಹುಳುವು ಸುರುಳಿಗಟ್ಟುವುದಕ್ಕೂ ಸಕ್ಕರೆಯನ್ನು ಕೂಡಿಸಿಕೊಳ್ಳುವುದಕ್ಕೂ ಕಾಲಾವಕಾಶ ಬೇಕು. ಶಿಲೀಂಧ್ರವನ್ನು ತಿಂದು ಬದುಕುವ ಒಂದು ಜಾತಿಯ ಜಂತುಹುಳುವನ್ನು ಪ್ರಯೋಗಶಾಲೆಯಲ್ಲಿ ತೇವದ ಗಾಳಿಯಲ್ಲಿಟ್ಟು ಮೂರು ದಿನಗಳ ಕಾಲ ನಿಧಾನವಾಗಿ ಒಣಗಿಸಿದರೆ ಬದುಕುವುದು; ಒಮ್ಮೆಲೇ ಒಣಗಿಸಿದರೆ ಸಾಯುವುದು. ಒಣಗುವುದು ಕೊಲ್ಲುವುದಿಲ್ಲ, ಬೇಗ ಒಣಗುವುದು ಕೊಲ್ಲುವುದು. ಮುಂದೆ ಮಾಗಿ ಉಳುಮೆಯನ್ನು ಕುರಿತು ಹೇಳುವ ಮಾತುಗಳೆಲ್ಲ ಇದನ್ನೇ ಆಧರಿಸಿವೆ.

ಮೊದಲ ಮಳೆ

ರೋಹಿಣಿ ಮಳೆಯ ಮೊದಲ ಹನಿಗಳಿಗೆ ನೆಲದಿಂದ ಏಳುವ ಸುವಾಸನೆಯು ಎಲ್ಲರಿಗೂ ಪರಿಚಿತವಾದುದೇ. ಉತ್ತರ ದೇಶದ ಕನೌಜಿನಲ್ಲಿ ಇದನ್ನು ಅತ್ತರಾಗಿ ಇಳಿಸಿ ಮಾರುವುದುಂಟು. ಈ ವಾಸನೆಯಲ್ಲಿ ಮುಖ್ಯವಾದ ಪಾಲು ಮಣ್ಣಿನಲ್ಲಿರುವ ಒಂದು ವರ್ಗದ ಬ್ಯಾಕ್ಟೀರಿಯಗಳು ತಯಾರಿಸಿದ ದ್ರವ್ಯದ್ದು. ಇವು ಬರದಲ್ಲಿ ಬೀಜದಂಥ ಕಣಗಳನ್ನು ಕಟ್ಟಿಕೊಂಡು ಬಾಳಬಲ್ಲವು. ಎಂದರೆ ಹೊಲದ ವಾಸನೆಯು ಹೊಲದೊಳಗಿನ ಜೀವದ ಸುಳಿವೇ ಆಗಿದೆ.

ವಾಸನೆಯ ಜೊತೆಗೆ ಕಣ್ಣಿಗೆ ಕಾಣದ ಮತ್ತೊಂದು ವ್ಯಾಪಾರವು ನಡೆಯುವುದು. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದಾಗ, ಬೇಸಿಗೆಯಲ್ಲಿ ಸತ್ತ ಅಣುಜೀವಿಗಳ ಅವಶೇಷವೂ, ನೀರನ್ನು ತಡೆಯಲಾರದೆ ಒಡೆದ ಜೀವಕಣಗಳ ಸಾರವೂ, ಹೆಂಟೆ ಕರಗಿದಾಗ ಹೊರಬಿದ್ದ ಕೊಳೆತ ಪದಾರ್ಥವೂ ಬದುಕಿ ಉಳಿದ ಬ್ಯಾಕ್ಟೀರಿಯಗಳಿಗೆ ಔತಣವಾಗುವುವು. ಅವು ಕೆಲವೇ ಗಂಟೆಗಳಲ್ಲಿ ಎದ್ದು ತಿಂದು ವೃದ್ಧಿಯಾಗಿ, ನೆಲದಿಂದ ಇಂಗಾಲಾಮ್ಲ ವಾಯುವು ಉಕ್ಕುವುದು. ಅದರೊಡನೆ ಸಾರಜನಕವೂ ಪೈರಿಗೆ ಒದಗುವ ರೂಪಕ್ಕೆ ಬರುವುದು. ಪೂರ್ವ ಆಫ್ರಿಕದಲ್ಲಿ ಕೆಲಸಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿಯು 1958ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದುದರಿಂದ ಈ ಉಕ್ಕಿಗೆ ಅವನ ಹೆಸರೇ ನಿಂತಿದೆ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಪೈರು ಗೊಬ್ಬರವಿಲ್ಲದೆಯೂ ಹಸುರಾಗಿ ಏಳುವುದನ್ನು ಹಳೆಯ ರೈತರು ಬಲ್ಲರು. ಅದಕ್ಕೆ ಈ ಉಕ್ಕೂ ಒಂದು ಕಾರಣ.

ಬ್ಯಾಕ್ಟೀರಿಯಗಳ ಹಿಂದೆಯೇ ಅವುಗಳನ್ನು ತಿನ್ನುವ ಜಂತುಹುಳುಗಳು ಏಳುವುವು. ಜಂತುಹುಳುವೆಂದರೆ ವೈರಿಯೆಂದೇ ಎಣಿಸತಕ್ಕದ್ದಲ್ಲ. ಬ್ಯಾಕ್ಟೀರಿಯದ ಶರೀರದಲ್ಲಿ ಸಾರಜನಕದ ಅಂಶವು ಹುಳುವಿಗೆ ಬೇಕಾದುದಕ್ಕಿಂತ ಹೆಚ್ಚಾಗಿರುವುದರಿಂದ, ಹುಳುವು ತಿಂದು ಉಳಿದುದನ್ನು ಅಮೋನಿಯಾ ರೂಪದಲ್ಲಿ ಹೊರಗೆ ಬಿಡುವುದು. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ನಡೆದು 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರಿಯ ಬ್ಯಾಕ್ಟೀರಿಯವಿದ್ದ ಮಣ್ಣಿಗಿಂತ ಬ್ಯಾಕ್ಟೀರಿಯವೂ ಅದನ್ನು ತಿನ್ನುವ ಹುಳುವೂ ಕೂಡಿದ್ದ ಮಣ್ಣಿನಲ್ಲಿ ಹುಲ್ಲು ಮೊದಮೊದಲು ಬೇಗ ಬೆಳೆಯಿತು. ಹೊಲದಲ್ಲಿರುವ ಹುಳುಗಳಲ್ಲಿ ಇಂಥ ಆಳುಮಕ್ಕಳೇ ಬಹಳ. ಬೇರು ಕಚ್ಚುವವು ಅವುಗಳ ನಡುವೆ ಸೇರಿಕೊಂಡ ಕಳ್ಳರು.

ಮೊದಲ ಮಳೆಯ ಈ ಐಶ್ವರ್ಯವು ನಾಲ್ಕು ದಿನದ್ದು. ಬಿತ್ತನೆ ತಡವಾದರೆ, ಮಸಾರಿಯಲ್ಲಿ ಅದು ಮುಂದಿನ ಮಳೆಗೆ ಬಸಿದು ಬೇರಿಗೆ ಎಟುಕದಷ್ಟು ಆಳಕ್ಕೆ ಹೋಗುವುದು. ಇಲ್ಲವೆ ಕಳೆಯ ಪಾಲಾಗುವುದು. ಪ್ರತಿಸಲ ಒಣಗಿ ನೆನೆಯುವಾಗಲೂ ನೆಲದ ಸಾರವು ಸ್ವಲ್ಪ ಸ್ವಲ್ಪ ಉರಿದುಹೋಗುವುದರಿಂದ, ಸಾವಯವ ಪದಾರ್ಥವು ಮೊದಲೇ ಕಡಿಮೆಯಾಗಿರುವ ಈ ಸೀಮೆಯ ಹೊಲಗಳಿಗೆ ಹಟ್ಟಿಗೊಬ್ಬರವು ಅತ್ಯವಶ್ಯಕ. ಆದರೆ ಚೈತ್ರ ವೈಶಾಖಗಳಲ್ಲಿಯೇ ಗೊಬ್ಬರವನ್ನು ಬಂಡಿಯಿಂದಿಳಿಸಿ ಸಣ್ಣ ಸಣ್ಣ ಗುಪ್ಪೆಗಳಾಗಿ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಡುವ ಪದ್ಧತಿಯಿಂದ ಗೊಬ್ಬರವು ಒಣಗಿ ಅದರೊಳಗಿನ ಜೀವಿಗಳು ನಶಿಸುವುವು, ಸಾರಜನಕವು ಗಾಳಿಗೆ ಹಾರುವುದು. ಗುಂಡಿಯಲ್ಲಿಯೇ ಮುಚ್ಚಿಟ್ಟಿದ್ದು, ಮಳೆಗೆ ಮುಂಚೆ ಸಾಗಿಸಿ ಹರಡಿದ ದಿನವೇ ಮಣ್ಣಿನಲ್ಲಿ ಬೆರಸುವುದು ಉತ್ತಮ. ಬಂಡಿ ಎತ್ತುಗಳ ಬಿಡುವು ನೋಡಿ ಗೊಬ್ಬರ ಸಾಗಿಸುವುದು ರೂಢಿಯಾಗಿದೆಯೇ ಹೊರತು ಗೊಬ್ಬರದ ಹಿತವನ್ನು ನೋಡಿ ಅಲ್ಲ.

ತೊಗರಿ, ಶೇಂಗಾ, ಹೆಸರು ಮೊದಲಾದ ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಗಳಿಗೂ ಬೇಸಿಗೆಯು ಕಠಿಣವಾದ ಕಾಲ. ಆಸ್ಟ್ರೇಲಿಯದ ಮಾರ್ಷಲ್ ಎಂಬಾತನು 1964ರಲ್ಲಿ ತೋರಿಸಿದಂತೆ, ಇವುಗಳಲ್ಲಿ ಕೆಲವು ಜಾತಿಗಳು ಒಣಗಿ ಕಾದ ಮರಳುಮಣ್ಣಿನಲ್ಲಿ ಬೇಗ ಸಾಯುವುವು. ಅದೇ ಮಣ್ಣಿಗೆ ಎರೆಯಲ್ಲಿರುವಂಥ ಜೇಡಿಯನ್ನು ಬೆರಸಿದರೆ ಬದುಕಿಕೊಳ್ಳುವುವು. ಆದುದರಿಂದ ಮಸಾರಿಯಲ್ಲಿ ಬೀಜಕ್ಕೆ ರೈಜೋಬಿಯಂ ಪುಡಿಯನ್ನು ಹಚ್ಚುವುದರಿಂದ ಆಗುವ ಪ್ರಯೋಜನವು ಹೆಚ್ಚು. ಒಳ್ಳೆಯ ಪುಡಿಯ ಒಂದು ಗ್ರಾಮಿನಲ್ಲಿ 5 ಕೋಟಿಗೆ ಕಡಿಮೆಯಿಲ್ಲದಷ್ಟು ಜೀವಿಗಳಿರಬೇಕೆಂಬುದು ಸರಕಾರದ ನಿಯಮ. ಪುಡಿ ಹಚ್ಚಿದ ಬೀಜವನ್ನು ನೆರಳಿನಲ್ಲಿ ಆರಿಸಿ, ತೇವವಿರುವ ನೆಲದಲ್ಲಿ ಕೂಡಲೆ ಬಿತ್ತತಕ್ಕದ್ದು. ಮಳೆಯನ್ನು ನಂಬಿ ಒಣನೆಲದಲ್ಲಿ ಬಿತ್ತಿದರೆ ಐದು ಕೋಟಿಯಲ್ಲಿ ಎಷ್ಟು ಉಳಿದಾವು?

ಬೇರಿನ ಕಳ್ಳರು

ಈ ಮೂರು ತಾಲ್ಲೂಕುಗಳಲ್ಲಿ ಬೆಳೆಯುವ ಬೆಳೆಗಳಿಗೆ ಹಾನಿ ಮಾಡಬಲ್ಲ ಜಂತುಹುಳುಗಳಲ್ಲಿ ಮೂರು ಮುಖ್ಯವಾದವು. ಬೇರುಗಂಟು ಹುಳುವು ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಮೊದಲಾದ ತೋಟದ ಬೆಳೆಗಳಿಗೂ ಹತ್ತಿ ತೊಗರಿಗಳಿಗೂ ತಗಲುವುದು. ಹೆಣ್ಣು ಹುಳುವು ಬೇರಿನೊಳಗೆ ಕುಳಿತು ಅಂಟಿನಂಥ ಗಟ್ಟಿಯಲ್ಲಿ ನೂರಾರು ಮೊಟ್ಟೆಗಳನ್ನಿಡುವುದು. ನೆಲ ಒಣಗಿದಾಗ ಆ ಅಂಟು ಕುಗ್ಗಿ ಗಟ್ಟಿಯಾಗಿ ಮೊಟ್ಟೆಗಳಿಗೆ ಕವಚವಾಗುವುದು. ಎರಡನೆಯದು ಹತ್ತಿಗೂ ತೊಗರಿಗೂ ತಗಲುವ, ಹೆಣ್ಣು ಹುಳುವು ಮೂತ್ರಪಿಂಡದ ಆಕಾರದಲ್ಲಿರುವ ಜಾತಿ. ಒಣಮಣ್ಣಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬದುಕಬಲ್ಲ ಶಕ್ತಿಯು ಇದಕ್ಕುಂಟು.

ಮೂರನೆಯದು ತೊಗರಿಯ ಕೋಶಹುಳು. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಕೋಶಿ ಎಂಬ ವಿಜ್ಞಾನಿಯು 1967ರಲ್ಲಿ ಇದನ್ನು ಹೊಸ ಜಾತಿಯೆಂದು ಗುರುತಿಸಿ ಹೆಸರಿಟ್ಟನು. ಇದರ ಹೆಣ್ಣು ಬೇರಿಗೆ ಅಂಟಿಕೊಂಡು ಸಣ್ಣ ಮುತ್ತಿನಂತೆ ಬೆಳ್ಳಗೆ ಉಬ್ಬುವುದರಿಂದ ಈ ರೋಗಕ್ಕೆ ಮುತ್ತುಬೇರು ಎಂದು ಹೇಳಬಹುದು. ಹೆಣ್ಣು ಸತ್ತ ಮೇಲೆ ಅದರ ಚರ್ಮವೇ ಕಂದುಬಣ್ಣದ ಗಟ್ಟಿ ಚೀಲವಾಗಿ, ಒಳಗಿನ ಮೊಟ್ಟೆಗಳನ್ನು ಬರದಿಂದ ಕಾಯುವುದು. ತಾಯಿಯ ಹೆಣವೇ ಮಕ್ಕಳ ಕಣಜವಾಗುವ ಈ ಏರ್ಪಾಡು ಆಶ್ಚರ್ಯಕರವಾದುದು. ಬಿಸಿ ದಿನಗಳಲ್ಲಿ ಕೆಲವೇ ವಾರಗಳಿಗೊಂದು ಸಂತತಿ ಹುಟ್ಟುವುದರಿಂದ ಒಂದು ತೊಗರಿಯ ಬೆಳೆಯಲ್ಲಿಯೇ ಹಲವು ತಲೆಮಾರುಗಳಾಗುವುವು. ಈ ಹುಳು ಹೊಕ್ಕ ತೊಗರಿಗೆ ಸೊರಗು ರೋಗವೂ ಸುಲಭವಾಗಿ ಹತ್ತುವುದು.

ಹೊಲದಲ್ಲಿಯೇ ಪರೀಕ್ಷಿಸುವ ಕ್ರಮವು ಕಷ್ಟದ್ದಲ್ಲ. ಬಿತ್ತಿದ 30ರಿಂದ 45 ದಿನಗಳ ಮೇಲೆ, ನೆಲವು ತೇವವಾಗಿರುವಾಗ, ಹಳದಿಗೊಂಡ ಗಿಡವನ್ನು ಕೀಳದೆ ಸಲಿಕೆಯಿಂದ ಮಣ್ಣಿನ ಹೆಂಟೆಯೊಡನೆ ಎತ್ತಿ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ಬೇರನ್ನು ನೋಡತಕ್ಕದ್ದು. ಬೇರಿನ ಪಕ್ಕಕ್ಕೆ ಅಂಟಿಕೊಂಡು ಬೆರಳಿನಿಂದ ಉಜ್ಜಿದರೆ ಕಳಚುವ, ಸೀಳಿದರೆ ಒಳಗೆ ಗುಲಾಬಿ ಬಣ್ಣವಿರುವ ಗಂಟು ಮಿತ್ರನದು. ಬೇರೇ ದಪ್ಪವಾಗಿ ಊದಿಕೊಂಡಿದ್ದು ಉಜ್ಜಿದರೂ ಕಳಚದಿದ್ದರೆ ಅದು ಬೇರುಗಂಟು ಹುಳುವಿನದು. ಸೂಜಿಯ ತಲೆಗಿಂತಲೂ ಸಣ್ಣ ಬಿಳಿಯ ಮುತ್ತುಗಳು ಕಂಡರೆ ಕೋಶಹುಳು. ಗಿಡವನ್ನು ಜಗ್ಗಿ ಕಿತ್ತರೆ ಮುತ್ತುಗಳು ಮಣ್ಣಿನಲ್ಲಿಯೇ ಉದುರಿಹೋಗಿ ಬೇರು ಶುದ್ಧವಾಗಿದ್ದಂತೆ ಕಾಣುವುದು.

ಮಾಗಿ ಉಳುಮೆಯ ಕಾಲ

ಮಾಗಿ ಉಳುಮೆಯು ಪೂರ್ವಿಕರಿಂದ ಬಂದುದೇ. ಆದರೆ ಬೆಳೆ ತೆಗೆದು ತಿಂಗಳುಗಟ್ಟಲೆ ಹೊಲವನ್ನು ಹಾಗೆಯೇ ಬಿಟ್ಟು, ನೆಲವು ಮೊಳದಾಳ ಒಣಗಿದ ಮೇಲೆ ರಂಟೆ ಹೂಡಿದರೆ, ಆ ವೇಳೆಗೆ ಹುಳುಗಳು ನಿಧಾನವಾಗಿ ಒಣಗಿ ಸುರುಳಿಗಟ್ಟಿ ಭದ್ರವಾಗಿರುವುವು. ಅದರಿಂದ ಪ್ರಯೋಜನವೇ ಇಲ್ಲವೆಂದಲ್ಲ, ಪೂರ್ಣ ಪ್ರಯೋಜನವಿಲ್ಲ. ಬೆಳೆ ತೆಗೆದ ಕೂಡಲೆ ಕೆಳಮಣ್ಣಿನಲ್ಲಿ ಇನ್ನೂ ಹಸಿ ಇರುವಾಗಲೇ ಆಳವಾಗಿ ಉತ್ತು, ಹಸಿ ಹೆಂಟೆಯನ್ನು ಮೇಲಕ್ಕೆ ಮಗುಚಿದರೆ, ಸಿದ್ಧತೆಯಿಲ್ಲದ ಹುಳುಗಳೂ ಹಸಿ ಬೇರಿಗೆ ಅಂಟಿದ ಮೊಟ್ಟೆಗಳೂ ಬಿಸಿಲಿಗೆ ಸಿಕ್ಕಿ ಬೇಗ ಒಣಗಿ ಸಾಯುವುವು. ಆಮೇಲೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಹತ್ತು ಹದಿನೈದು ದಿನಗಳ ಅಂತರದಿಂದ ಮತ್ತೆ ಎರಡು ಸಲ ಮಗುಚಿದರೆ ಆಳದಲ್ಲಿ ಉಳಿದವು ಸರದಿಯ ಮೇಲೆ ಮೇಲಕ್ಕೆ ಬರುವುವು. ಮೇ ತಿಂಗಳಲ್ಲಿ ಗಾಳಿಯ ಉಷ್ಣವೇ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಈ ಸೀಮೆಯಲ್ಲಿ ಮೇಲ್ಮಣ್ಣಿನ ಉಷ್ಣವು ಅದಕ್ಕಿಂತ ಬಹಳ ಹೆಚ್ಚು. ಒಂದು ಗೇಣು ಕೆಳಗೆ ಮಾತ್ರ ಆ ಕಾವು ಮುಟ್ಟುವುದಿಲ್ಲ. ಹತ್ತಿ ಕಟ್ಟಿಗೆಯನ್ನೂ ತೊಗರಿಯ ಕೂಳೆಯನ್ನೂ ಬೇರುಸಹಿತ ಕಿತ್ತು ಹೊರಗೆ ಹಾಕುವುದು ಉಳುಮೆಯಷ್ಟೇ ಮುಖ್ಯ. ಎರೆಯ ನೆಲವು ಬಿರಿದು, ಮೇಲಿನ ಮಣ್ಣನ್ನು ಬಿರುಕಿನೊಳಗೆ ಇಳಿಸಿಕೊಂಡು ತನ್ನನ್ನು ತಾನೇ ಉಳುವುದೆಂಬ ಮಾತಿದೆ. ಆದರೆ ಅದು ಹುಳುಗಳನ್ನು ಬಿಸಿಲಿಗೆ ತರುವುದಕ್ಕೆ ಬದಲಾಗಿ ಆಳಕ್ಕೂ ಒಯ್ಯುವುದರಿಂದ ಅದನ್ನು ನಂಬಿ ಕುಳಿತುಕೊಳ್ಳತಕ್ಕದ್ದಲ್ಲ.

ಇನ್ನು ಅಡ್ಡಮಳೆಗಳ ವಿಷಯ. ಮೇ ತಿಂಗಳಲ್ಲಿ ಒಂದೆರಡು ಹದಮಳೆ ಬಿದ್ದಾಗ ಸುರುಳಿಗಟ್ಟಿದ್ದ ಹುಳುಗಳು ಏಳುವುವು, ಕೆಲವು ಮೊಟ್ಟೆಗಳು ಒಡೆಯುವುವು. ಬೇರುಗಂಟಿನ ಮರಿಹುಳುವು ಬೇರನ್ನು ಹೊಗುವವರೆಗೆ ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ತಂದ ಕೊಬ್ಬಿನ ಮೇಲೆಯೇ ಬದುಕಬೇಕು. ಹೊಲದಲ್ಲಿ ಹಸುರು ಬೇರಿಲ್ಲದಿದ್ದರೆ ಬುತ್ತಿ ತೀರಿ ಸಾಯುವುದು. ಹಸುರು ಕಳೆಯಿದ್ದರೆ ಅದನ್ನೇ ಹಿಡಿದು ಮುಂಗಾರಿನವರೆಗೆ ಬಾಳುವುದು. ಆದುದರಿಂದ ಅಡ್ಡಮಳೆಯ ನಂತರ ಎದ್ದ ಕಳೆಯನ್ನು ವಾರ ಹತ್ತು ದಿನದೊಳಗೆ ಕುಂಟೆ ಹೊಡೆದು ತೆಗೆದುಬಿಡುವ ಗೌಡನು ಔಷಧಿಯ ಖರ್ಚಿಲ್ಲದೆಯೇ ಅರ್ಧ ಕೆಲಸವನ್ನು ಮಾಡಿದಂತೆ. ಬಿತ್ತನೆಯು ಇನ್ನೂ ದೂರವಿದೆಯೆಂದು ಕಳೆಯನ್ನು ದನಕ್ಕೆ ಬಿಡುವುದು ಲಾಭವೆಂದು ಕಾಣುವುದು. ದನವು ಎಲೆಯನ್ನು ತಿನ್ನುವುದು, ಬೇರು ನೆಲದಲ್ಲಿಯೇ ಇರುವುದು.

ಮೆಣಸಿನಕಾಯಿಯ ಸಸಿಮಡಿಗೆ ಬಿಸಿಲಿನ ಉಪಾಯವು ಇನ್ನೊಂದಿದೆ. ಇಸ್ರೇಲ್ ದೇಶದಲ್ಲಿ 1976ರಲ್ಲಿ ಕಟಾನ್ ಎಂಬಾತನೂ ಅವನ ಸಂಗಡಿಗರೂ ಪ್ರಕಟಿಸಿದಂತೆ, ಮಡಿಗೆ ಮೊದಲು ಚೆನ್ನಾಗಿ ನೀರು ಕಟ್ಟಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ಬೇಸಿಗೆಯ ನಾಲ್ಕರಿಂದ ಆರು ವಾರ ಬಿಡತಕ್ಕದ್ದು. ಒಣಮಣ್ಣಿನ ಮೇಲೆ ಹೊದಿಸಿದರೆ ಫಲವು ಕಡಿಮೆ. ತೇವದಲ್ಲಿ ಕಾವು ಕೆಳಕ್ಕೆ ಇಳಿಯುವುದಲ್ಲದೆ, ಎಚ್ಚತ್ತಿರುವ ಜೀವಿಯು ಮಲಗಿರುವ ಜೀವಿಗಿಂತ ಬೇಗ ಸಾಯುವುದು. ಬೇವಿನ ಹಿಂಡಿಯೂ ಹಾಗೆಯೇ. ತೇವವಿದ್ದು ಕೊಳೆತರೆ ಮಾತ್ರ ಅದರ ಗುಣವು ಹೊರಬೀಳುವುದು.

ಬೆಳೆಯ ಪರಿವರ್ತನೆಯನ್ನು ಬಿಟ್ಟು ಇವೆಲ್ಲವೂ ಅಪೂರ್ಣ. ತೊಗರಿಯ ಕೋಶಹುಳುವಿಗೆ ಹೆಸರು, ಉದ್ದು, ಅಲಸಂದೆಗಳೂ ಎಳ್ಳೂ ಆಹಾರ, ಜೋಳವು ಆಹಾರವಲ್ಲ. ಹೆಸರು ತೆಗೆದು ತೊಗರಿ, ತೊಗರಿಯ ಮೇಲೆ ಎಳ್ಳು ಎಂದು ಬೆಳೆ ಬದಲಾಯಿಸಿದವನು ಹುಳುವಿಗೆ ಊಟ ಬದಲಾಯಿಸಿದನೇ ಹೊರತು ಊಟ ತಪ್ಪಿಸಲಿಲ್ಲ.

ಕಾಲುವೆಯ ಕೆಳಗಿನ ಹೊಲಗಳು

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ತರುವಾಯ ಎಡದಂಡೆ ಕಾಲುವೆಯು ಮಾನ್ವಿ, ರಾಯಚೂರುಗಳ ಎರೆಭೂಮಿಗೆ ನೀರು ತಂದಿತು. 1982ರಲ್ಲಿ ಪೂರ್ತಿಯಾದ ನಾರಾಯಣಪುರದ ಬಸವಸಾಗರದಿಂದ ಬಲದಂಡೆ ಕಾಲುವೆಯು ದೇವದುರ್ಗದ ಕಡೆಗೆ ಬಂದಿದೆ. ಹೀಗಾಗಿ ಒಂದೇ ತಾಲ್ಲೂಕಿನಲ್ಲಿ, ಏಳು ತಿಂಗಳು ಒಣಗುವ ಹೊಲವೂ ವರ್ಷವೆಲ್ಲ ನೆನೆಯುವ ಗದ್ದೆಯೂ ಕೂಗಳತೆಯಲ್ಲಿವೆ. ಎರಡರ ಒಳಜೀವನವೂ ಬೇರೆ ಬೇರೆ.

ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದೆ ತೋಟದ ಬೇರುಗಂಟು ಹುಳುಗಳು ಕ್ಷೀಣಿಸುವುವು. ಇದು ಲಾಭ. ಆದರೆ ನೀರಿನಲ್ಲಿಯೇ ಬಾಳುವ ಭತ್ತದ ಬೇರುಹುಳುವು ಆ ಸ್ಥಳವನ್ನು ಹಿಡಿಯುವುದು. ಭತ್ತಕ್ಕೇ ತಗಲುವ ಬೇರುಗಂಟು ಹುಳುವೊಂದು ಬೇರೆಯಿದೆ. ನೀರು ನಿಂತಿರುವಾಗ ಅದರ ಮರಿಗಳು ಹೊರಗಿನಿಂದ ಬೇರನ್ನು ಹೊಗಲಾರವು. ನೀರಿನ ಅಭಾವದಿಂದ ಕಾಲುವೆಯ ತುದಿಯ ಗ್ರಾಮಗಳಲ್ಲಿ ಕೂರಿಗೆಯಿಂದ ಬಿತ್ತಿ ಬೆಳೆಯುವ ಭತ್ತಕ್ಕೆ, ನೆಲವು ಒಮ್ಮೆ ನೆನೆದು ಒಮ್ಮೆ ಆರುವುದರಿಂದ, ಅವು ಸುಲಭವಾಗಿ ಹೊಗುವುವು. ಕೂರಿಗೆ ಭತ್ತವು ನೀರನ್ನು ಉಳಿಸುವುದು ನಿಜ, ಬಿಡತಕ್ಕದ್ದಲ್ಲ. ಎಳೆಯ ಬೇರಿನ ತುದಿ ಕೊಕ್ಕೆಯಂತೆ ಬಾಗಿ ಊದಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಸಾರಜನಕದ ನಷ್ಟವು ಮತ್ತೊಂದು. ಅಡ್ಡಮಳೆಗೆ ಒಣನೆಲದಲ್ಲಿ ಹುಟ್ಟಿದ ನೈಟ್ರೇಟು, ಗದ್ದೆಗೆ ನೀರು ಕಟ್ಟಿದೊಡನೆ ಗಾಳಿಯಿಲ್ಲದೆ ಬಾಳುವ ಬ್ಯಾಕ್ಟೀರಿಯಗಳ ಕೈಗೆ ಸಿಕ್ಕಿ ವಾಯುವಾಗಿ ಹಾರಿಹೋಗುವುದು. ಅಡ್ಡಮಳೆಯ ಹದಕ್ಕೆ ಸೆಣಬನ್ನು ಬಿತ್ತಿ, ಹೂವಿಗೆ ಬರುವ ಮುನ್ನ ಹಸುರಾಗಿ ಉತ್ತು ನೀರು ಕಟ್ಟಿದರೆ ಆ ಸಾರವು ಗಿಡದಲ್ಲಿ ಸೇರಿ ಗದ್ದೆಗೇ ಹಿಂದಿರುಗುವುದು. ಕಾಲುವೆಯ ತಲೆಯಲ್ಲಿರುವವರು ಬೇಕಾದುದಕ್ಕಿಂತ ಹೆಚ್ಚು ನೀರು ಕಟ್ಟುವುದರಿಂದ ತಮ್ಮ ನೆಲವೇ ಜೌಗಾಗಿ ಚೌಳು ಏಳುವುದನ್ನೂ, ತುದಿಯವರ ನೆಲವು ಒಣಗುವುದನ್ನೂ ಗ್ರಾಮದ ಮುಖಂಡರು ಕಣ್ಣಾರೆ ಕಂಡಿರುವರಾದುದರಿಂದ ಇಲ್ಲಿ ಬೆಳಸಿ ಬರೆಯಬೇಕಾದುದಿಲ್ಲ.

ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ಬಗೆ

ರಾಯಚೂರಿನಲ್ಲಿ 2008ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯವಿರುವುದರಿಂದ ಈ ತಾಲ್ಲೂಕುಗಳವರು ತಜ್ಞರ ಸಲಹೆಗಾಗಿ ದೂರ ಹೋಗಬೇಕಾದುದಿಲ್ಲ. ಆದರೆ ಗೊಬ್ಬರದ ಅಂಶವನ್ನು ತಿಳಿಯುವುದಕ್ಕಾಗಿ ಮಣ್ಣನ್ನು ಒಣಗಿಸಿ ಕಳುಹಿಸುವ ರೂಢಿಯನ್ನು ಹುಳುಗಳ ಪರೀಕ್ಷೆಗೆ ಅನುಸರಿಸತಕ್ಕದ್ದಲ್ಲ. ಹುಳುಗಳನ್ನು ಬೇರ್ಪಡಿಸುವುದಕ್ಕೆ ಪ್ರಯೋಗಶಾಲೆಗಳಲ್ಲಿ ಬಹುವಾಗಿ ಬಳಸುವ ಉಪಾಯವು ಬೇಯರ್‌ಮನ್ ಎಂಬಾತನು 1917ರಲ್ಲಿ ಜಾವಾ ದ್ವೀಪದಲ್ಲಿ ಕಂಡುಹಿಡಿದುದು. ನೀರು ತುಂಬಿದ ಆಲಿಕೆಯ ಮೇಲೆ ಬಟ್ಟೆಯಲ್ಲಿ ಮಣ್ಣನ್ನಿಟ್ಟರೆ, ಚುರುಕಾಗಿರುವ ಹುಳುಗಳು ಬಟ್ಟೆಯನ್ನು ನುಸುಳಿ ಕೆಳಗೆ ಇಳಿಯುವುವು, ಇಳಿದವನ್ನು ಎಣಿಸುವರು. ಸತ್ತವೂ ಏಳಲಾರದಷ್ಟು ಬಳಲಿದವೂ ಮೊಟ್ಟೆಗಳೂ ಇಳಿಯುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಬಿಸಿಲಿನ ಮೇಲ್ಮಣ್ಣನ್ನು ಕೆರೆದು ತಂದುಕೊಟ್ಟರೆ ಎಣಿಕೆಯು ಕಡಿಮೆ ಬಂದು, ಹೊಲವು ಶುದ್ಧವಾಗಿದೆಯೆಂದು ತಿಳಿದು ಅದೇ ತೊಗರಿಯನ್ನು ಮತ್ತೆ ಬಿತ್ತುವಂತಾಗುವುದು.

ಆದುದರಿಂದ ಬೆಳೆಯು ನಿಂತಿರುವಾಗ, ಮಳೆ ಬಿದ್ದು ನೆಲವು ಹದವಾಗಿರುವ ದಿನ, ಮೇಲಿನ ಎರಡು ಅಂಗುಲ ಮಣ್ಣನ್ನು ಸರಿಸಿ, ಒಂದು ಗೇಣು ಆಳದವರೆಗೆ ಬೇರಿನ ಸುತ್ತಲಿನ ಮಣ್ಣನ್ನು ತೆಗೆಯತಕ್ಕದ್ದು. ಹೊಲದ ಹತ್ತು ಹದಿನೈದು ಕಡೆ ಹೀಗೆ ತೆಗೆದು ಬೆರಸಿ, ಕಾಲು ಕಿಲೋಗ್ರಾಮಿನಷ್ಟನ್ನು ಕೆಲವು ಎಳೆಬೇರುಗಳೊಡನೆ ಪಾಲಿಥೀನ್ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿಟ್ಟುಕೊಂಡು ಒಂದೆರಡು ದಿನಗಳೊಳಗೆ ತಲಪಿಸಬೇಕು. ಬಸ್ಸಿನ ಮೇಲೆ ಬಿಸಿಲಿಗೆ ಹಾಕಿ ತಂದರೆ ದಾರಿಯಲ್ಲಿಯೇ ಪರೀಕ್ಷೆ ಮುಗಿದಂತೆ. ಚೀಟಿಯಲ್ಲಿ ಸರ್ವೆ ನಂಬರು, ಎರೆಯೋ ಮಸಾರಿಯೋ ಎಂಬುದು, ಹಿಂದಿನ ಮೂರು ವರ್ಷಗಳ ಬೆಳೆ, ಮಣ್ಣು ತೆಗೆದ ತಾರೀಖು ಇಷ್ಟನ್ನೂ ಬರೆದು, ಆ ತಾರೀಖಿಗೆ ಹಿಂದೆ ಮಳೆ ಬಿದ್ದು ಅಥವಾ ನೀರು ಕಟ್ಟಿ ಎಷ್ಟು ದಿನಗಳಾಗಿದ್ದುವು ಎಂಬುದನ್ನೂ ತಪ್ಪದೆ ಕಾಣಿಸತಕ್ಕದ್ದು.